‘ಲಾರ್ಡ್ ಆಫ್ ದಿ ರಿಂಗ್ಸ್’ ಆಡಿಯೋಬುಕ್: ಯಾರ ದನಿಯಲ್ಲಿ ಕೇಳಬೇಕು, ಹೇಗೆ ಕೇಳಬೇಕು?

ಕಿವಿಓದು
ಟೋಲ್ಕಿನ್ ಬರೆದ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೂರೂ ಸಂಪುಟ ಆಡಿಯೋಬುಕ್ಕಿನಲ್ಲಿ ಪೂರ್ತಿ ಕೇಳಬೇಕು ಅಂತಿದೆ. ಸಿನಿಮಾ ನೋಡಿದ್ದಾಗಿದೆ, ಪುಸ್ತಕ ಓದಿಲ್ಲ. ಕೇಳೋಕೆ ಸಿಗೋದು ಬಸ್ಸು, ಮೆಟ್ರೋದಲ್ಲಿ ದಿನಕ್ಕೆರಡು ಗಂಟೆ, ರಾತ್ರಿ ಮಲಗೋ ಮುಂಚೆ ಒಂದಿಷ್ಟು. ರಾಬ್ ಇಂಗ್ಲಿಸ್ ಓದಿರೋದು ತಗೊಳ್ಳಲಾ, ಆಂಡಿ ಸರ್ಕಿಸ್ ಓದಿರೋದಾ? ಇದರ ಹಿಂದಿನ ಕಥೆ ‘ಹಾಬಿಟ್’ ಮೊದಲು ಕೇಳಲೇಬೇಕಾ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬ್ರಿಟಿಷ್ ಉಚ್ಚಾರ ಎಷ್ಟು ಕಷ್ಟ ಆಗುತ್ತೆ? ಅಷ್ಟೊಂದು ಹೆಸರು ನೆನಪಿಟ್ಟುಕೊಳ್ಳೋದು ಹೇಗೆ? ಪುಸ್ತಕವನ್ನೂ ಓದಿ, ಆಡಿಯೋನೂ ಕೇಳಿದವರು ಹೇಳಿ. ಕಥೆ ಬಿಟ್ಟುಕೊಟ್ಟರೂ ಪರವಾಗಿಲ್ಲ.

ನಡುಮನೆ
ಇಂಗ್ಲಿಸ್. ಬೇರೆ ಯೋಚನೆನೇ ಬೇಡ.

ತುಂಗಾತೀರ
ಬೇರೆ ಯೋಚನೆ ಯಾಕೆ ಬೇಡ ನಡುಮನೆಯವರೇ? ಎರಡರಲ್ಲೂ ಕಥಾಭಾಗ ಪೂರ್ತಿ ಇದೆ, ಸಂಕ್ಷೇಪ ಅಲ್ಲ. ಇಂಗ್ಲಿಸ್ ಅವರದ್ದು 1990ರ ಧ್ವನಿಮುದ್ರಣ, ಮೂರು ಸಂಪುಟ ಸೇರಿ ಸುಮಾರು 54 ಗಂಟೆ. ಸರ್ಕಿಸ್ ಅವರದ್ದು 2021ರದ್ದು, ಸುಮಾರು 65 ಗಂಟೆ. ಒಂದೇ ಪುಸ್ತಕಕ್ಕೆ ಹನ್ನೊಂದು ಗಂಟೆ ವ್ಯತ್ಯಾಸ ಬರೋದು ಓದುವ ರೀತಿಯಿಂದ. ಇಂಗ್ಲಿಸ್ ಒಬ್ಬ ಕಥೆಗಾರನ ಹಾಗೆ ಒಂದೇ ಹದದಲ್ಲಿ ಹೇಳ್ಕೊಂಡು ಹೋಗ್ತಾರೆ. ಪಾತ್ರಗಳಿಗೆ ದನಿ ಬದಲಾಯಿಸ್ತಾರೆ, ಆದರೆ ಹೇಳೋರು ಅವರೇ ಅನ್ನೋದು ಯಾವಾಗಲೂ ಗೊತ್ತಾಗುತ್ತೆ. ಸರ್ಕಿಸ್ ಪ್ರತಿ ಪಾತ್ರವನ್ನೂ ಅಭಿನಯಿಸ್ತಾರೆ. ಉಸಿರು, ಬಿಕ್ಕಳಿಕೆ, ಕೂಗು, ಮಾತಿನ ಮಧ್ಯದ ಮೌನ ಎಲ್ಲ ಇದೆ. ಸಿನಿಮಾದಲ್ಲಿ ಗಾಲಮ್ ಆಗಿದ್ದವರೇ ಅವರು, ಹಾಗಾಗಿ ಆ ಪಾತ್ರದ ಮಟ್ಟಿಗೆ ಪೈಪೋಟಿನೇ ಇಲ್ಲ.

ಸಿನಿಮಾ ನೋಡಿ ಬರ್ತಿರೋರಿಗೆ ನನ್ನ ಓಟು ಸರ್ಕಿಸ್‌ಗೆ. ಮುಖ ಗೊತ್ತಿರುತ್ತೆ, ದನಿ ಅದಕ್ಕೆ ಹತ್ತಿರ ಇರುತ್ತೆ, ಸಂಭಾಷಣೆಯಲ್ಲಿ ಯಾರು ಮಾತಾಡಿದ್ದು ಅಂತ ತಡಕಾಡೋ ಕೆಲಸ ಇಲ್ಲ.

ನಡುಮನೆ
ಅದೇ ತೊಂದರೆ ಅಂತ ನಾನು ಹೇಳೋದು. ಸಿನಿಮಾದ ಮುಖ ತಲೇಲಿ ಇಟ್ಕೊಂಡು ಕೇಳಿದರೆ, ಉಂಗುರ ನಾಶ ಮಾಡೋಕೆ ಹೊರಡೋ ಪುಸ್ತಕದ ಫ್ರೋಡೋ ಸಿಗೋದೇ ಇಲ್ಲ. ತನ್ನ ನಾಡು ಶೈರ್ ಬಿಟ್ಟು ಹೊರಡುವಾಗ ಪುಸ್ತಕದ ಫ್ರೋಡೋಗೆ ಐವತ್ತು ವರ್ಷ. ಉಂಗುರ ಕೈಗೆ ಬಂದ ಹದಿನೇಳು ವರ್ಷದ ಮೇಲೆ ಹೊರಡ್ತಾನೆ. ಯೋಚನೆ ಮಾಡಿ ಮಾತಾಡೋ ಮನುಷ್ಯ ಅವನು, ಸಿನಿಮಾದ ಹುಡುಗ ಅಲ್ಲ. ಇಂಗ್ಲಿಸ್ ಸಿನಿಮಾ ಬರೋದಕ್ಕೆ ಹತ್ತು ವರ್ಷಕ್ಕೂ ಮುಂಚೆ ಓದಿದ್ದು. ಅದಕ್ಕೂ ಮೊದಲು ಈ ಕಥೆಗಳನ್ನ ರಂಗದ ಮೇಲೆ ಏಕವ್ಯಕ್ತಿ ಪ್ರದರ್ಶನವಾಗಿ ಮಾಡ್ತಿದ್ದವರು. ಯಾವ ಸಿನಿಮಾದ ನೆರಳೂ ಆ ದನಿ ಮೇಲಿಲ್ಲ.

ತಂತಿಪೆಟ್ಟಿಗೆ
ಇಬ್ಬರೂ ಒಂದು ವಿಷಯ ಬಿಟ್ಟಿರಿ. ಕೇಳೋದು ಎಲ್ಲಿ ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಸರ್ಕಿಸ್ ಓದಿನಲ್ಲಿ ಪಿಸುಮಾತಿಗೂ ಕೂಗಿಗೂ ದನಿಯ ಅಂತರ ಬಹಳ. ಗಾಲಮ್ ಗೊಣಗುವಾಗ ಬಸ್ಸಿನ ಇಂಜಿನ್ ಸದ್ದಿನಲ್ಲಿ ಏನೂ ಕೇಳಲ್ಲ ಅಂತ ವಾಲ್ಯೂಮ್ ಏರಿಸ್ತೀರಿ. ಮರುಕ್ಷಣ ರಾಕ್ಷಸ ಸೈನಿಕ ಓರ್ಕ್ ಒಂದು ಅರಚುತ್ತೆ, ಕಿವಿ ನೋಯುತ್ತೆ. ಇಂಗ್ಲಿಸ್ ಮಟ್ಟ ಹೆಚ್ಚು ಕಡಿಮೆ ಒಂದೇ, ಗದ್ದಲದಲ್ಲೂ ನಡೆಯುತ್ತೆ. ಹಾಗಾಗಿ ಬಸ್ಸು, ಅಡುಗೆಮನೆಗೆ ಇಂಗ್ಲಿಸ್. ರಾತ್ರಿ ಕೋಣೆಯಲ್ಲಿ, ಇಲ್ಲಾ ಸದ್ದು ತಡೆಯೋ ಹೆಡ್‌ಫೋನ್ ಇದ್ದರೆ ಸರ್ಕಿಸ್. ಕೆಲವು ಪ್ಲೇಯರ್‌ಗಳಲ್ಲಿ ವಾಲ್ಯೂಮ್ ಬೂಸ್ಟ್, ಈಕ್ವಲೈಜರ್ ಇರುತ್ತೆ. ಕೆಳಗಿನ ಗುಡುಗು ದನಿ ಸ್ವಲ್ಪ ಇಳಿಸಿ, ಎರಡರಿಂದ ನಾಲ್ಕು ಕಿಲೋಹರ್ಟ್ಸ್ ಪಟ್ಟಿ ಸ್ವಲ್ಪ ಏರಿಸಿದರೆ ವ್ಯಂಜನ ಸ್ಪಷ್ಟ ಆಗುತ್ತೆ. ಬಸ್ಸಿನಲ್ಲಿ ಮಾತು ಕಳೆದುಹೋಗೋದು ವ್ಯಂಜನ ಕೇಳದೆ ಇರೋದರಿಂದಲೇ.

ಇನ್ನೊಂದು: ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಪರದೆ ಆರಿದ ಮೇಲೆ ಆಡಿಯೋ ಆ್ಯಪ್ಪನ್ನೇ ನಿಲ್ಲಿಸಿಬಿಡುತ್ತೆ, ಕೇಳಿದ ಜಾಗವೂ ಉಳಿಯಲ್ಲ. ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆದುಬಿಡಿ.

ಬಯಲುಸೀಮೆ
ವೇಗ ಎಷ್ಟು ಇಡಬೇಕ್ರಿ? 1.5ರಾಗ ಕೇಳಿದ್ರ 54 ತಾಸಿಂದು 36 ತಾಸಿಗೆ ಮುಗಿತದಲ್ರಿ.

ತುಂಗಾತೀರ
ಬೇಡ. ಈ ಪುಸ್ತಕಕ್ಕೆ 1.5 ಇಟ್ಟರೆ ಹಾಡುಗಳು ಹಾಳು, ವರ್ಣನೆಗಳು ಹಾಳು. ಸರ್ಕಿಸ್ ಆದರೆ 1.1, ತಪ್ಪಿದರೆ 1.2. ಇಂಗ್ಲಿಸ್ ಆದರೆ 1 ಇರಲಿ.

ಬಯಲುಸೀಮೆ
ಹಾಡು ಬಿಟ್ಟು ಮುಂದ ಹೋದ್ರ ಏನಾಗ್ತದ್ರಿ? ಓದೋ ಮಂದಿ ಭಾಳ ಜನ ಹಾಡು ಹಾರಿಸಿಬಿಡ್ತಾರ.

ಕಡಲತಡಿ
ಹಾರಿಸುವುದು ಕಾಗದದಲ್ಲಿ ಓದುವವರು ಮಾರಾಯ್ರೆ. ಕೇಳುವವರಿಗೆ ಹಾರಿಸುವ ಕಾರಣವೇ ಇಲ್ಲ. ಪುಟದ ಮೇಲೆ ಓರೆ ಅಕ್ಷರದ ಸಾಲುಗಳನ್ನು ಕಂಡ ಕೂಡಲೇ ಕಣ್ಣು ಜಾರುತ್ತದೆ. ಆದರೆ ಇಂಗ್ಲಿಸ್, ಸರ್ಕಿಸ್ ಇಬ್ಬರೂ ಅವನ್ನು ಹಾಡಿಯೇ ಹೇಳುತ್ತಾರೆ. ದಾರಿಯ ಹಾಡು ಇದೆಯಲ್ಲ, ಫ್ರೋಡೋನ ಹಿರಿಯ ಬಂಧು ಬಿಲ್ಬೋ ಮನೆ ಬಿಡುವಾಗ ಒಮ್ಮೆ ಹಾಡುತ್ತಾನೆ, ಆಮೇಲೆ ಫ್ರೋಡೋ ಅದನ್ನೇ ಒಂದು ಪದ ಬದಲಿಸಿ ಹೇಳುತ್ತಾನೆ, ಕೊನೆಗೆ ಎಲ್ಫ್‌ಗಳ ನೆಲೆ ರಿವೆಂಡೆಲ್‌ನಲ್ಲಿ ಮುದುಕ ಬಿಲ್ಬೋ ಬೇರೆ ಸಾಲುಗಳೊಂದಿಗೆ ಹೇಳುತ್ತಾನೆ. ಮೊದಲಿನದ್ದು ಹಾರಿಸಿದರೆ ಕೊನೆಯದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ.

ಟಾಮ್ ಬಾಂಬಡಿಲ್ ಬರುವ ಕಡೆ ಇನ್ನೂ ಒಂದು ವಿಶೇಷ ಉಂಟು. ಅವನ ಮಾತು ಪುಟದ ಮೇಲೆ ಗದ್ಯದ ಹಾಗೆ ಅಚ್ಚಾಗಿರುತ್ತದೆ, ಆದರೆ ಬಹುಪಾಲು ಲಯದಲ್ಲೇ ಉಂಟು. ಕಣ್ಣಿಗೆ ಅದು ಕಾಣುವುದಿಲ್ಲ. ಗಟ್ಟಿಯಾಗಿ ಓದಿದಾಗ ಮಾತ್ರ ಅವನು ಮಾತಾಡುವುದಕ್ಕೂ ಹಾಡುವುದಕ್ಕೂ ಗೆರೆ ಇಲ್ಲ ಅಂತ ಗೊತ್ತಾಗುತ್ತದೆ. ಮೊದಲ ಪುಸ್ತಕದ ಆರು, ಏಳು, ಎಂಟನೇ ಅಧ್ಯಾಯ. ಸಿನಿಮಾದಲ್ಲಿ ಇವು ಇಲ್ಲವೇ ಇಲ್ಲ.

ನಮ್ಮಲ್ಲಿ ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಷಟ್ಪದಿ ಕಣ್ಣಲ್ಲಿ ಓದುವುದು ಬೇರೆ, ರಾಗದಲ್ಲಿ ಕೇಳುವುದು ಬೇರೆ.

ಸ್ವರಾಕ್ಷರ
ಕಡಲತಡಿಯವರ ಮಾತಿಗೆ ನನ್ನ ಸಹಿ. ಸ್ವತಃ ಟೋಲ್ಕಿನ್ ಕೂಡ ಇದನ್ನ ದನಿಯಾಗೇ ಕಲ್ಪಿಸಿಕೊಂಡವರು. 1952ರ ಆಗಸ್ಟಿನಲ್ಲಿ, ಪುಸ್ತಕ ಇನ್ನೂ ಅಚ್ಚಾಗದೆ ಇದ್ದಾಗ, ಮಾಲ್ವರ್ನ್‌ನಲ್ಲಿ ಸ್ನೇಹಿತ ಜಾರ್ಜ್ ಸೇಯರ್ ಮನೆಯಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ಓದಿದ್ದಾರೆ, ಹಾಡಿದ್ದಾರೆ. ‘ಹಾಬಿಟ್’ನ ಒಗಟಿನ ಅಧ್ಯಾಯವೂ ಅದರಲ್ಲಿದೆ. ಅವು 1975ರಲ್ಲಿ ಕೇಡ್ಮನ್ ಕಂಪನಿಯ ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದವು. ಡೊನಾಲ್ಡ್ ಸ್ವಾನ್ 1967ರಲ್ಲಿ ಕೆಲವು ಹಾಡುಗಳಿಗೆ ರಾಗ ಹಾಕಿದಾಗ, ಎಲ್ಫ್ ರಾಣಿ ಗಲಾಡ್ರಿಯಲ್‌ಳ ವಿದಾಯದ ಹಾಡಿಗೆ ಮಾತ್ರ ಟೋಲ್ಕಿನ್ ತಾವೇ ಒಂದು ಧಾಟಿ ಗುನುಗಿ ತೋರಿಸಿದರು, ಚರ್ಚಿನ ಗ್ರೆಗೋರಿಯನ್ ಪಠಣದ ಧಾಟಿ. ಅದನ್ನೇ ಸ್ವಾನ್ ಬಳಸಿಕೊಂಡರು.

ಈಗ ಉಚ್ಚಾರದ ಪ್ರಶ್ನೆಗೆ ಬರ್ತೀನಿ. ಎರಡು ಬೇರೆ ತೊಂದರೆಗಳಿವೆ, ಕಲಸಬೇಡಿ.

ಒಂದು, ಬ್ರಿಟಿಷ್ ಇಂಗ್ಲಿಷ್. ನಿರೂಪಣೆ ಭಾಗ ಎರಡು ಮೂರು ಗಂಟೆಯಲ್ಲಿ ಕಿವಿಗೆ ಹೊಂದಿಕೊಳ್ಳುತ್ತೆ. ಕಷ್ಟ ಕೊಡೋದು ಆಡುಮಾತು: ಸ್ಯಾಮ್ ಮತ್ತವನ ಅಪ್ಪನ ಹಳ್ಳಿ ಇಂಗ್ಲಿಷ್, ‘ಹಾಬಿಟ್’ನಲ್ಲಿ ಟ್ರೋಲ್‌ಗಳ ಲಂಡನ್ ಬೀದಿಮಾತು, ಓರ್ಕ್‌ಗಳ ಜಗಳ. ಅಲ್ಲಿ ವೇಗ 0.9ಕ್ಕೆ ಇಳಿಸಿ. ಇಲ್ಲವಾದರೆ ಮೊದಲ ಎರಡು ಅಧ್ಯಾಯ ಪುಸ್ತಕ ತೆರೆದಿಟ್ಟುಕೊಂಡು ಕೇಳಿ. ಹಾಗೆ ಕೇಳಿದವರಿಗೆ ಮುಂದೆ ಪುಸ್ತಕ ಬೇಕಾಗಲ್ಲ.

ಎರಡನೆಯದು ಹೆಸರುಗಳು. ಇದರಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಜಾಸ್ತಿ. ಟೋಲ್ಕಿನ್ ಉಚ್ಚಾರದ ನಿಯಮಗಳನ್ನ ಅನುಬಂಧ ‘ಇ’ಯಲ್ಲಿ ಬರೆದಿಟ್ಟಿದ್ದಾರೆ. ಎಲ್ಫ್ ಹೆಸರುಗಳಲ್ಲಿ ‘ಸಿ’ ಅಕ್ಷರ ಯಾವಾಗಲೂ ಕ: ಕೆಲೆಬಾರ್ನ್, ಕಿರ್ದಾನ್, ಕಿರಿತ್ ಉಂಗೋಲ್. ಸೌರಾನ್‌ನಲ್ಲಿ ಇರೋದು ನಮ್ಮ ಔಕಾರವೇ, ‘ಹಾಬಿಟ್’ನ ಡ್ರ್ಯಾಗನ್ ಸ್ಮೌಗ್‌ನಲ್ಲೂ ಅದೇ. ಕುಬ್ಜರ ಭಾಷೆಯ ಖಜದ್-ದೂಮ್‌ನಲ್ಲಿ ಕಕಾರದ ಜೊತೆ ಹಕಾರ ಸೇರಬೇಕು ಅಂತ ಅವರೇ ಹೇಳಿದ್ದಾರೆ, ಅಂದರೆ ನಮ್ಮ ಮಹಾಪ್ರಾಣ ಖ. ಇಂಗ್ಲಿಷಿನವರು ಕಷ್ಟಪಟ್ಟು ಕಲಿಯೋದು ನಮಗೆ ಒಂದನೇ ತರಗತಿ ಕಾಗುಣಿತ.

ಕೇಳುಗರಿಗೆ ಇದರ ಉಪಯೋಗ ಏನು ಅಂದರೆ, ಕಿವಿಗೆ ಬಿದ್ದ ಹೆಸರನ್ನ ಆಮೇಲೆ ಹುಡುಕಬೇಕಲ್ಲ. ಎಲ್ಫ್ ಹೆಸರು ‘ಕ’ದಿಂದ ಶುರುವಾದರೆ ‘ಕೆ’ ಹಾಕಿ ಹುಡುಕಬೇಡಿ, ‘ಸಿ’ ಹಾಕಿ.

ಕಿವಿಓದು
ಸೌರಾನ್, ಸಾರುಮಾನ್ ಎರಡೂ ಒಂದೇ ಥರ ಕೇಳುತ್ತೆ ಅಂತ ಕೆಲವರು ಹೇಳಿದ್ರು. ನಿಜವಾ?

ನಡುಮನೆ
ಮೊದಲ ಹತ್ತು ಗಂಟೆ ನಿಜ. ಉಂಗುರ ಮಾಡಿದ ಖಳ ಸೌರಾನ್ ಪುಸ್ತಕದಲ್ಲಿ ಎದುರಿಗೆ ಬಂದು ಮಾತಾಡೋದೇ ಇಲ್ಲ. ಎದುರಿಗೆ ನಿಂತು ಮಾತಾಡಿದರೆ ಅವನು ಮಾಂತ್ರಿಕ ಸಾರುಮಾನ್, ಅಷ್ಟು ನೆನಪಿಡಿ. ಅದಕ್ಕಿಂತ ಗೊಂದಲ ರೋಹನ್ ರಾಜ್ಯದವರ ಹೆಸರಲ್ಲಿ. ಥೇಯೋಡೆನ್, ಥೇಯೋಡ್ರೆಡ್, ಎಯೋಮರ್, ಎಯೋವಿನ್, ಎಯೋಮುಂಡ್. ಥೇಯೋ ಅಂತ ಶುರುವಾದರೆ ರಾಜ ಮತ್ತವನ ಮಗ. ಎಯೋ ಅಂತ ಶುರುವಾದರೆ ರಾಜನ ತಂಗಿಯ ಮಕ್ಕಳು, ಅವರ ಅಪ್ಪ. ಕಿವಿಗೆ ಇಷ್ಟು ಸಾಕು.

ನಕಾಶೆ
ಹೆಸರಿಗಿಂತ ಮೊದಲು ನಕ್ಷೆ ಬೇಕು. ಆಡಿಯೋದಲ್ಲಿ ಇಲ್ಲದೆ ಇರೋದು ಅದೊಂದೇ, ಅದಿಲ್ಲದೆ ಅರ್ಧ ಪುಸ್ತಕ ಹೋಯಿತು ಅಂತಲೇ ಲೆಕ್ಕ. ಮಧ್ಯಭೂಮಿಯ ದೊಡ್ಡ ನಕ್ಷೆ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಫೋನ್ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಒಂದು ಊರು ಕಾಣುತ್ತೆ, ದಾರಿ ಕಾಣಲ್ಲ. ಪ್ರತಿ ಅಧ್ಯಾಯ ಮುಗಿದ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ: ಶೈರ್, ಬ್ರೀ, ವೆದರ್‌ಟಾಪ್, ರಿವೆಂಡೆಲ್, ಕರಧ್ರಾಸ್, ಮೋರಿಯಾ, ಲೋತ್ಲೋರಿಯನ್, ಆಮೇಲೆ ಆಂಡುಯಿನ್ ನದಿ ಹಿಡಿದು ರೌರೋಸ್ ಜಲಪಾತದವರೆಗೆ. ಅಲ್ಲಿ ಫ್ರೋಡೋ ಜೊತೆ ಹೊರಟ ಗುಂಪು ಒಡೆಯುತ್ತೆ. ಅಲ್ಲಿಂದ ಎರಡು ಬಣ್ಣದ ಪೆನ್ಸಿಲ್ ಬೇಕು.

ಯಾಕೆಂದರೆ ಎರಡನೇ ಸಂಪುಟ ‘ಟೂ ಟವರ್ಸ್’ ಸಿನಿಮಾದ ಥರ ಒಂದು ದೃಶ್ಯ ಅಲ್ಲಿ, ಒಂದು ದೃಶ್ಯ ಇಲ್ಲಿ ಅಂತ ನಡೆಯಲ್ಲ. ಇಡೀ ಕಾದಂಬರಿ ಆರು ‘ಪುಸ್ತಕ’, ಸಂಪುಟಕ್ಕೆರಡು. ಮೂರನೇ ಪುಸ್ತಕದಲ್ಲಿ ಪೂರ್ತಿ ಅರಗಾರ್ನ್ ಕಡೆಯವರು, ಫ್ರೋಡೋ ಒಂದು ಪುಟಕ್ಕೂ ಬರಲ್ಲ. ನಾಲ್ಕನೇದರಲ್ಲಿ ಪೂರ್ತಿ ಫ್ರೋಡೋ, ಸ್ಯಾಮ್, ಗಾಲಮ್. ಆಡಿಯೋದಲ್ಲಿ ಅಂದರೆ ಎಂಟು ಹತ್ತು ಗಂಟೆ ಫ್ರೋಡೋ ಸುದ್ದಿನೇ ಇರಲ್ಲ. ಬಹಳ ಜನ ಕೇಳೋದು ಬಿಡೋದು ಇಲ್ಲೇ.

ದಿನಾಂಕ ಇಟ್ಕೊಂಡರೆ ಸಲೀಸು. ಗುಂಪು ರಿವೆಂಡೆಲ್ ಬಿಡೋದು ಡಿಸೆಂಬರ್ 25, ಒಡೆಯೋದು ಫೆಬ್ರವರಿ 26. ಮೂರನೇ ಪುಸ್ತಕ ಮುಗಿಯೋದು ಮಾರ್ಚ್ 5ರ ರಾತ್ರಿ, ಮಾಂತ್ರಿಕ ಗ್ಯಾಂಡಾಲ್ಫ್ ಹಾಬಿಟ್ ಪಿಪ್ಪಿನ್‌ನನ್ನ ಕುದುರೆ ಮೇಲೆ ಕೂರಿಸಿಕೊಂಡು ಓಡುವಾಗ. ನಾಲ್ಕನೇದು ಫೆಬ್ರವರಿ ಕೊನೆಗೆ ಹಿಂದೆ ಹೋಗಿ, ಮಾರ್ಚ್ 13ರಲ್ಲಿ ನಿಲ್ಲುತ್ತೆ. ಐದನೇದು ಮತ್ತೆ ಹಿಂದೆ, ಮಾರ್ಚ್ 9ಕ್ಕೆ. ಪೆಲೆನ್ನೋರ್ ಯುದ್ಧ 15, ಉಂಗುರ ನಾಶ 25. ಇಷ್ಟನ್ನ ಒಂದು ಚೀಟಿಯಲ್ಲಿ ಬರೆದು ನಕ್ಷೆ ಪಕ್ಕ ಅಂಟಿಸಿ.

ದೂರದೂರು
ಹಾಗಾದರೆ ಮೂರು ಮತ್ತು ನಾಲ್ಕನೇ ಪುಸ್ತಕದ ಅಧ್ಯಾಯಗಳನ್ನ ದಿನಾಂಕದ ಪ್ರಕಾರ ಕಲಸಿ ಕೇಳಬಹುದಲ್ಲ? ಪ್ಲೇಲಿಸ್ಟ್ ಮಾಡಿದರೆ ಆಯ್ತು.

ನಕಾಶೆ
ಮೊದಲ ಸಲ ದಯವಿಟ್ಟು ಬೇಡ. ಅರಗಾರ್ನ್ ಕಡೆಯವರಿಗೆ ಫ್ರೋಡೋ ಬದುಕಿದಾನೋ ಇಲ್ಲವೋ ಗೊತ್ತಿಲ್ಲ. ಮೂರನೇ ಪುಸ್ತಕ ಕೇಳುವಾಗ ನಮಗೂ ಗೊತ್ತಿರಬಾರದು. ಐದನೇ ಪುಸ್ತಕದ ಕೊನೆಯಲ್ಲಿ ಸೌರಾನ್‌ನ ದೂತ ಫ್ರೋಡೋನ ಕವಚ ಎತ್ತಿ ತೋರಿಸ್ತಾನಲ್ಲ, ಅಲ್ಲಿ ಕೇಳುಗನಿಗೆ ಗೊತ್ತಿರೋದು ಅವನು ಸೆರೆಸಿಕ್ಕ ಅನ್ನೋದಷ್ಟೇ. ಐದು, ಆರನೇದನ್ನೂ ಹಾಗೇ ದಿನಾಂಕದ ಪ್ರಕಾರ ಜೋಡಿಸಿದರೆ ಸ್ಯಾಮ್ ಅವನನ್ನ ಬಿಡಿಸಿದ್ದು ಮೊದಲೇ ಕೇಳಿಬಿಟ್ಟಿರ್ತೀರಿ, ಆ ಪ್ರಸಂಗದ ಜೀವವೇ ಹೋಯಿತು. ಎರಡನೇ ಸಲ ಕೇಳುವಾಗ ಬೇಕಾದರೆ ಕಲಸಿ.

ತುಂಗಾತೀರ
‘ಹಾಬಿಟ್’ ಮೊದಲು ಕೇಳಬೇಕಾ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕೇಳಿ. ಹತ್ತು ಹನ್ನೊಂದು ಗಂಟೆ ಅಷ್ಟೇ. 1937ರಲ್ಲಿ ಮಕ್ಕಳಿಗೆ ಅಂತ ಬಂದ ಪುಸ್ತಕ, ಕಥೆ ಹೇಳೋರೇ ಮಧ್ಯೆ ಮಧ್ಯೆ ‘ನಿಮಗೆ’ ಅಂತ ನೇರ ಮಾತಾಡಿಸ್ತಾರೆ. ಇಂಗ್ಲಿಷ್ ಸರಳ, ಕಿವಿ ಪಳಗೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಸರ್ಕಿಸ್ 2020ರ ಮೇನಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಇದನ್ನ ಒಂದೇ ದಿನ ಪೂರ್ತಿ ನೇರ ಪ್ರಸಾರದಲ್ಲಿ ಓದಿ ದತ್ತಿಗೆ ಹಣ ಸಂಗ್ರಹಿಸಿದರು. ಸ್ಟುಡಿಯೋ ಆವೃತ್ತಿ ಅದರ ಮೇಲೆ ಬಂತು.

ಹದಿಮೂರು ಕುಬ್ಜರ ಹೆಸರು ಕಂಠಪಾಠ ಮಾಡೋಕೆ ಹೋಗಬೇಡಿ. ಥೋರಿನ್, ಬಾಲಿನ್, ದಪ್ಪಗಿರೋ ಬೊಂಬೂರ್, ಚಿಕ್ಕವರಾದ ಫೀಲಿ, ಕೀಲಿ ಇಷ್ಟು ಸಾಕು. ಗ್ಲೋಯಿನ್ ಹೆಸರು ಮಾತ್ರ ನೆನಪಿಡಿ, ದೊಡ್ಡ ಪುಸ್ತಕದ ಗಿಮ್ಲಿ ಅವನ ಮಗ.

ನಡುಮನೆ
ಇದಕ್ಕೆ ಸೇರಿಸ್ತೀನಿ. ದೊಡ್ಡ ಪುಸ್ತಕದ ಮುನ್ನುಡಿ, ಪ್ರಸ್ತಾವನೆ ಎರಡನ್ನೂ ಮೊದಲ ಸಲ ಬಿಡಿ. ಹಾಬಿಟ್‌ಗಳ ಚರಿತ್ರೆ, ಅವರ ತಂಬಾಕು, ಶೈರಿನ ಆಡಳಿತ. ಬಸ್ಸಿನಲ್ಲಿ ಮೊದಲ ದಿನವೇ ಇದು ಕಿವಿಗೆ ಬಿದ್ದರೆ ಪುಸ್ತಕ ಹೀಗೇ ಇರುತ್ತೆ ಅಂತ ಬಿಟ್ಟುಬಿಡ್ತಾರೆ. ‘ಹಾಬಿಟ್’ ಕೇಳದೆ ಬಂದವರು ಮಾತ್ರ ಪ್ರಸ್ತಾವನೆಯಲ್ಲಿ ಉಂಗುರ ಸಿಕ್ಕಿದ ಬಗೆಯ ಭಾಗ ಕೇಳಲಿ. ಇಡೀ ಕಾದಂಬರಿ ಮುಗಿದ ಮೇಲೆ ಪ್ರಸ್ತಾವನೆಗೆ ವಾಪಸ್ ಬನ್ನಿ, ಆಗ ಒಂದೊಂದು ವಾಕ್ಯವೂ ರುಚಿಸುತ್ತೆ.

ಸ್ವರಾಕ್ಷರ
ಹಾಗೇ ಎರಡು ಅಧ್ಯಾಯಗಳನ್ನ ಗದ್ದಲದಲ್ಲಿ ಕೇಳಬೇಡಿ: ಮೊದಲ ಪುಸ್ತಕದ ಎರಡನೇ ಅಧ್ಯಾಯ, ಎರಡನೇ ಪುಸ್ತಕದ ಎರಡನೇ ಅಧ್ಯಾಯ. ಉಂಗುರದ ಹಿನ್ನೆಲೆ ಪೂರ್ತಿ ಈ ಎರಡರಲ್ಲಿದೆ.

ಎರಡನೆಯದು ರಿವೆಂಡೆಲ್ ಒಡೆಯ ಎಲ್ರಾಂಡ್‌ನ ಸಭೆ. ಒಂದೂವರೆ ಗಂಟೆ ದಾಟುತ್ತೆ, ಬಹುಪಾಲು ಮಾತು. ಗ್ಲೋಯಿನ್ ಮೊದಲು ಮಾತಾಡ್ತಾನೆ, ಆಮೇಲೆ ಎಲ್ರಾಂಡ್, ಮಧ್ಯೆ ಬೋರೋಮಿರ್ ಎದ್ದು ಕನಸು ಹೇಳ್ತಾನೆ, ಅರಗಾರ್ನ್ ಮುರಿದ ಕತ್ತಿ ಇಡ್ತಾನೆ, ಬಿಲ್ಬೋ, ಫ್ರೋಡೋ, ಕೊನೆಗೆ ಗ್ಯಾಂಡಾಲ್ಫ್. ಗ್ಯಾಂಡಾಲ್ಫ್ ಹೇಳೋ ಕಥೆಯೊಳಗೆ ಸಾರುಮಾನ್ ಮಾತಾಡ್ತಾನೆ, ರಾಡಗಾಸ್ಟ್ ಮಾತಾಡ್ತಾನೆ, ಬ್ರೀ ಊರಿನ ಛತ್ರದವನು ಮಾತಾಡ್ತಾನೆ. ಅಂದರೆ ಓದುವವನು ಗ್ಯಾಂಡಾಲ್ಫ್ ದನಿಯಲ್ಲಿ ಇದ್ದುಕೊಂಡೇ ಸಾರುಮಾನ್ ದನಿ ತರಬೇಕು. ಇಂಗ್ಲಿಸ್ ಇಲ್ಲಿ ಅದ್ಭುತ. ಸಾರುಮಾನ್ ಮಾತು ಗ್ಯಾಂಡಾಲ್ಫ್ ಬಾಯಿಂದಲೇ ಬರ್ತಿದೆ ಅನ್ನೋದು ತಪ್ಪಲ್ಲ. ಸರ್ಕಿಸ್ ಸೀದಾ ಸಾರುಮಾನ್ ಆಗಿಬಿಡ್ತಾರೆ. ಅದು ಕೇಳೋಕೆ ಸುಲಭ, ಆದರೆ ಯಾರು ಕಥೆ ಹೇಳ್ತಿದಾರೆ ಅನ್ನೋದು ಮರೆಯುತ್ತೆ.

ತುಂಗಾತೀರ
ಮರೆತರೆ ಏನು ನಷ್ಟ? ಕೇಳುಗ ಸಾರುಮಾನ್‌ನ ಗೋಪುರದಲ್ಲೇ ನಿಂತಿರ್ತಾನೆ. ಹೊಸಬರಿಗೆ ಅದೇ ಬೇಕು.

ಸ್ವರಾಕ್ಷರ
ಸಭೆಯಲ್ಲಿ ಕೂತವರು ಗ್ಯಾಂಡಾಲ್ಫ್ ಮಾತನ್ನ ನಂಬಬೇಕಾ ಬೇಡವಾ ಅಂತ ತೂಗ್ತಿರ್ತಾರೆ. ಸಾಕ್ಷಿ ಎಲ್ಲಿ ಅಂತ ಕೇಳೋರೂ ಇದ್ದಾರೆ. ಗೋಪುರಕ್ಕೆ ಹೋಗಿಬಿಟ್ಟರೆ ಆ ಸಂಶಯ ಉಳಿಯಲ್ಲ. ನಷ್ಟ ಅದು.

ಬಯಲುಸೀಮೆ
ಬಿಬಿಸಿ ರೇಡಿಯೋ ನಾಟಕ ಅಂತ ಒಂದು ಅದಲ್ರಿ? ಅದು ಬರೇ 13 ತಾಸು. ಅದ ಕೇಳಿದ್ರ ಸಾಲ್ದೇನ್ರಿ?

ಕಡಲತಡಿ
ಅದು ಆಡಿಯೋಬುಕ್ ಅಲ್ಲ, ನಾಟಕ. 1981ರಲ್ಲಿ ಅರ್ಧರ್ಧ ಗಂಟೆಯ 26 ಕಂತುಗಳಾಗಿ ಬಂದದ್ದು, ಬ್ರಯನ್ ಸಿಬ್ಲಿ ಮತ್ತು ಮೈಕೆಲ್ ಬೇಕ್ವೆಲ್ ರೂಪಾಂತರ. ಫ್ರೋಡೋ ಆಗಿ ಇಯಾನ್ ಹೋಮ್. ಇಪ್ಪತ್ತು ವರ್ಷ ಕಳೆದು ಸಿನಿಮಾದಲ್ಲಿ ಬಿಲ್ಬೋ ಆದದ್ದು ಅವರೇ. ಸ್ಯಾಮ್ ಆಗಿ ಬಿಲ್ ನೈ, ಗ್ಯಾಂಡಾಲ್ಫ್ ಆಗಿ ಮೈಕೆಲ್ ಹಾರ್ಡರ್ನ್. ಪೀಟರ್ ವುಡ್‌ಥಾರ್ಪ್ ಮಾಡಿದ ಗಾಲಮ್ ಅನ್ನು ಸರ್ಕಿಸ್ ಅಭಿಮಾನಿಗಳು ಒಮ್ಮೆಯಾದರೂ ಕೇಳಬೇಕು. ಬಾಂಬಡಿಲ್ ಇದರಲ್ಲೂ ಇಲ್ಲ. ಬಹಳ ಚೆಂದ ಉಂಟು, ಆದರೆ ಪುಸ್ತಕದ ಬದಲಿಗೆ ಅಲ್ಲ. ನಡೆದಾಟದ ದಿನಗಳು, ಮಳೆ, ಹುಲ್ಲು, ಬೆಟ್ಟದ ಬಣ್ಣ ಎಲ್ಲ ನಿರೂಪಣೆಯಲ್ಲಿ ಇರುವುದು, ನಾಟಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ತಂತಿಪೆಟ್ಟಿಗೆ
ಬಿಬಿಸಿ ನಾಟಕ ಕೇಳೋರಿಗೆ ಎಚ್ಚರಿಕೆ. ಅದು ಸ್ಟೀರಿಯೋ. ಒಂದೇ ಕಿವಿಗೆ ಇಯರ್‌ಬಡ್ ಹಾಕಿಕೊಂಡರೆ ಇನ್ನೊಂದು ಬದಿಯ ಪಾತ್ರದ ಮಾತು ದೂರ ಹೋಗುತ್ತೆ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಹಾಕಿ, ಎಲ್ಲಾ ಒಂದೇ ಕಿವಿಗೆ ಬರುತ್ತೆ. ರಸ್ತೆ ದಾಟುವಾಗ, ಬಸ್‌ಸ್ಟಾಪಿನಲ್ಲಿ ಒಂದು ಕಿವಿ ತೆರೆದೇ ಇರಲಿ. ಗಾಡಿ ಓಡಿಸುವಾಗ ಬೇಡವೇ ಬೇಡ.

ಸಿಡಿ ಇರೋರು ಫೋನಿಗೆ ಹಾಕಿಕೊಳ್ಳೋ ಕ್ರಮ: ಒಬ್ಬರೇ ಓದಿರೋದಕ್ಕೆ ಮೋನೋ 64 ಕೆಬಿಪಿಎಸ್ ಧಾರಾಳ. ಗಂಟೆಗೆ ಸುಮಾರು 29 ಎಂಬಿ, 54 ಗಂಟೆಗೆ ಒಂದೂವರೆ ಜಿಬಿ ಚಿಲ್ಲರೆ. ನಾಟಕಕ್ಕೆ ಸ್ಟೀರಿಯೋ 128 ಇಡಿ. ಸಿಡಿಯ ಟ್ರ್ಯಾಕುಗಳು ಅಧ್ಯಾಯಕ್ಕೆ ಸರಿಹೊಂದಲ್ಲ, ಒಂದು ಅಧ್ಯಾಯ ಒಂದು ಸಿಡಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತೆ. ಎಲ್ಲವನ್ನೂ ಅಧ್ಯಾಯದ ಪ್ರಕಾರ ಜೋಡಿಸಿ 62 ಫೈಲ್ ಮಾಡಿ, ಸಂಪುಟಗಳಿಗೆ ಕ್ರಮವಾಗಿ 22, 21, 19. ಹೆಸರು ‘ಸಂಪುಟ-ಪುಸ್ತಕ-ಅಧ್ಯಾಯ’ ಅಂತ ಇಡಿ: 2-4-09 ಅಂದರೆ ಎರಡನೇ ಸಂಪುಟ, ನಾಲ್ಕನೇ ಪುಸ್ತಕ, ಒಂಬತ್ತನೇ ಅಧ್ಯಾಯ. 9ರ ಹಿಂದಿನ ಸೊನ್ನೆ ಮರೆತರೆ ಎಷ್ಟೋ ಪ್ಲೇಯರ್‌ಗಳು 1 ಆದ ಮೇಲೆ 10 ನುಡಿಸಿ, ಆಮೇಲೆ 2ಕ್ಕೆ ಬರುತ್ತವೆ. ಈ ಕಾದಂಬರಿಯಲ್ಲಿ ಹಾಗಾದರೆ ಕೇಳುಗನಿಗೆ ತಕ್ಷಣ ಗೊತ್ತೂ ಆಗಲ್ಲ, ಕಥೆಯೇ ಹಿಂದೆ ಮುಂದೆ ಹೋಗುತ್ತೇನೋ ಅಂದುಕೊಂಡು ಕೇಳ್ತಾ ಇರ್ತಾರೆ.

ಹೊಸಬ_22
ಇಷ್ಟೆಲ್ಲಾ ಯಾಕೆ, ಯಾರಾದ್ರೂ ಟೆಲಿಗ್ರಾಂ ಲಿಂಕ್ ಹಾಕಿ ಗುರು.

ನಿರ್ವಾಹಕರು
ಇಲ್ಲಿ ಅಂಥ ಲಿಂಕ್ ಹಾಕುವಂತಿಲ್ಲ. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ಭಾರತದ ಕಾಯ್ದೆ ಪ್ರಕಾರ ಲೇಖಕರ ಮರಣಾನಂತರ 60 ವರ್ಷ, ಅಂದರೆ 2033ರ ಕೊನೆಯವರೆಗೆ ಪಠ್ಯಕ್ಕೆ ಹಕ್ಕುಸ್ವಾಮ್ಯ ಇದೆ. ಬ್ರಿಟನ್ನಿನಲ್ಲಿ 70 ವರ್ಷ. ಧ್ವನಿಮುದ್ರಣದ ಹಕ್ಕು ಬೇರೆಯೇ ಇದೆ, ಅದು ಪ್ರಕಟವಾದಾಗಿನಿಂದ 60 ವರ್ಷ.

ಸ್ವರಾಕ್ಷರ
ಹೊಸಬರೇ, ದುಡ್ಡಿಲ್ಲದೆ ಹಳೇ ಫ್ಯಾಂಟಸಿ ಕೇಳಬೇಕು ಅಂದರೆ ಲಿಬ್ರಿವಾಕ್ಸ್ ಇದೆ, ಸ್ವಯಂಸೇವಕರು ಓದಿರೋದು. ಜಾರ್ಜ್ ಮ್ಯಾಕ್‌ಡೊನಾಲ್ಡ್ ಬರೆದ ‘ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್’ ಹುಡುಕಿ, 1872ರದ್ದು. ಟೋಲ್ಕಿನ್ ಅವರ ಗಾಬ್ಲಿನ್‌ಗಳಿಗೆ ಮೂಲ ಅಲ್ಲೇ ಇದೆ. ಒಂದೇ ಪುಸ್ತಕವನ್ನ ಒಬ್ಬರೇ ಪೂರ್ತಿ ಓದಿರೋ ಆವೃತ್ತಿ ಆರಿಸಿ. ಅಧ್ಯಾಯಕ್ಕೊಬ್ಬರು ಓದಿದ್ದರೆ ಪಾತ್ರದ ದನಿ ಪ್ರತಿ ಸಲ ಬದಲಾಗುತ್ತೆ.

ದೂರದೂರು
ಅಮೆರಿಕದಲ್ಲಿರೋ ಕನ್ನಡದವರು ಸ್ಥಳೀಯ ಲೈಬ್ರರಿ ಕಾರ್ಡಿನಿಂದ ಲಿಬ್ಬಿ ಆ್ಯಪ್ ನೋಡಿ. ಮೂರು ಸಂಪುಟಗಳನ್ನೂ ಒಟ್ಟಿಗೆ ಕಾಯ್ದಿರಿಸಬೇಡಿ, ಮೂರೂ ಒಂದೇ ವಾರ ಬಂದರೆ ಕಷ್ಟ. ಸರ್ಕಿಸ್ ಓದಿದ ಮೊದಲ ಸಂಪುಟವೇ 22 ಗಂಟೆ ಮೀರುತ್ತೆ. 14 ದಿನದ ಸಾಲದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ. ಮುಂದಿನ ಸಂಪುಟದ ಸರದಿ ಬೇಗ ಬಂದರೆ ‘ಆಮೇಲೆ ಕೊಡಿ’ ಅನ್ನೋ ಆಯ್ಕೆ ಒತ್ತಿ, ಸಾಲಿನ ಜಾಗ ಹೋಗಲ್ಲ.

ಬೆಳಕಿನದಾರಿ
ದೃಷ್ಟಿದೋಷ ಇರುವವರಿಗೆ ಒಂದು ಮಾತು. ಭಾರತದಲ್ಲಿ ‘ಸುಗಮ್ಯ ಪುಸ್ತಕಾಲಯ’ 2016ರಿಂದ ಇದೆ, ಮುದ್ರಿತ ಪುಸ್ತಕ ಓದಲಾಗದವರಿಗೆ ಬಳಸಬಹುದಾದ ರೂಪದಲ್ಲಿ ಪುಸ್ತಕ ಕೊಡುತ್ತದೆ. ನಕ್ಷೆಯ ಬಗ್ಗೆ ಮೇಲೆ ಹೇಳಿದ್ದು ನಮಗೆ ಬೇರೆ ರೀತಿ ಬೇಕು. ಅಧ್ಯಾಯ ಮುಗಿದಾಗ ಬುಕ್‌ಮಾರ್ಕ್ ಜೊತೆ ಒಂದು ಸಾಲು ಟಿಪ್ಪಣಿ ಹಾಕಿ: ಎಲ್ಲಿದ್ದಾರೆ, ಯಾವ ದಿಕ್ಕಿಗೆ ಹೊರಟರು, ನದಿ ಬಲಕ್ಕಾ ಎಡಕ್ಕಾ. ಟೋಲ್ಕಿನ್ ದಿಕ್ಕು ತಪ್ಪದೆ ಹೇಳುತ್ತಾರೆ. ಮಂಜು ಪರ್ವತ ಸಾಲು ಉತ್ತರ ದಕ್ಷಿಣ, ಆಂಡುಯಿನ್ ಅದರ ಪೂರ್ವಕ್ಕೆ ದಕ್ಷಿಣಮುಖವಾಗಿ ಹರಿಯುತ್ತದೆ. ಈ ಎರಡು ಗೆರೆ ಮನಸ್ಸಿನಲ್ಲಿ ನಿಂತರೆ ಉಳಿದದ್ದೆಲ್ಲ ಅದರ ಅಕ್ಕಪಕ್ಕ ಕೂರುತ್ತದೆ.

ನಕಾಶೆ
ಬೆಳಕಿನದಾರಿಯವರೇ, ಆ ಎರಡು ಗೆರೆ ಕಣ್ಣಿರೋರಿಗೂ ಅಷ್ಟೇ ಬೇಕು. ನನ್ನ ಚೀಟಿಗೆ ಸೇರಿಸ್ತೀನಿ.

ಕಿವಿಓದು
ಎಲ್ಲರಿಗೂ ಧನ್ಯವಾದ. ರಾತ್ರಿ ಮಲಗುವಾಗ ಕೇಳೋದು ಹೇಗೆ? ನಿದ್ದೆ ಬಂದರೆ ಎಲ್ಲಿಗೆ ನಿಂತಿತು ಅಂತ ಗೊತ್ತಾಗಲ್ಲ.

ತಂತಿಪೆಟ್ಟಿಗೆ
ಸ್ಲೀಪ್ ಟೈಮರ್ ‘ಅಧ್ಯಾಯದ ಕೊನೆ’ ಅಂತ ಇಡಬೇಡಿ, ಇದರ ಅಧ್ಯಾಯಗಳು ಉದ್ದ. 15 ನಿಮಿಷ ಇಡಿ. ಮಲಗೋ ಮುಂಚೆ ಒಂದು ಬುಕ್‌ಮಾರ್ಕ್ ಒತ್ತಿ, ಮಾರನೇ ದಿನ ಅಲ್ಲಿಂದಲೇ ಶುರು ಮಾಡಿ. ಎಲ್ಲಿಯವರೆಗೆ ಕೇಳಿದ್ದು ಅಂತ ಹುಡುಕೋದಕ್ಕಿಂತ 15 ನಿಮಿಷ ಮತ್ತೆ ಕೇಳೋದು ಬೇಗ ಆಗುತ್ತೆ. ಇನ್ನೊಂದು, ಹಗಲು ಬಸ್ಸಿನಲ್ಲಿ ಮುಂದುವರಿಯೋ ಪುಸ್ತಕವನ್ನೇ ರಾತ್ರಿ ಕೇಳಬೇಡಿ. ರಾತ್ರಿಗೆ ಆಗಲೇ ಕೇಳಿ ಮುಗಿಸಿದ ಅಧ್ಯಾಯ ಹಾಕಿ.

ನಡುಮನೆ
ಇದು ಒಳ್ಳೇ ಸಲಹೆ. ಬಸ್ಸಿಗೆ ಇಂಗ್ಲಿಸ್, ಅದೇ ಅಧ್ಯಾಯ ರಾತ್ರಿಗೆ ಸರ್ಕಿಸ್ ಅಂತಲೂ ಮಾಡಬಹುದು, ಎರಡೂ ಕೊಳ್ಳೋ ಶಕ್ತಿ ಇದ್ದರೆ.

ತುಂಗಾತೀರ
ಕೊನೆಗೂ ಸರ್ಕಿಸ್ ಹೆಸರು ಹೇಳಿದಿರಲ್ಲ ನಡುಮನೆಯವರೇ, ಸಂತೋಷ.

ಕಿವಿಓದು ಅವರೇ, ಕೊಳ್ಳೋ ಮುಂಚೆ ‘ಹಾಬಿಟ್’ನ ಐದನೇ ಅಧ್ಯಾಯ ಇಬ್ಬರದ್ದೂ ಕೇಳೋಕೆ ಸಿಗುತ್ತಾ ನೋಡಿ, ಲೈಬ್ರರಿಯಲ್ಲೋ ಪ್ರಾಯೋಗಿಕ ಅವಧಿಯಲ್ಲೋ. ಅಂಗಡಿ ಪುಟದ ಮಾದರಿ ತುಣುಕು ಸಾಮಾನ್ಯವಾಗಿ ಪುಸ್ತಕದ ಆರಂಭದ್ದು, ಅದರಲ್ಲಿ ಬರೀ ನಿರೂಪಣೆ ಇರುತ್ತೆ. ಐದನೆಯದರಲ್ಲಿ ಕತ್ತಲೆಯಲ್ಲಿ ಬಿಲ್ಬೋ, ಗಾಲಮ್ ಇಬ್ಬರೇ ಒಗಟು ಹೇಳ್ಕೊಂಡು ಕೂತಿರ್ತಾರೆ. ಒಬ್ಬ ಹೆದರಿದಾನೆ, ಇನ್ನೊಬ್ಬ ಹಸಿದಿದಾನೆ. ಒಗಟುಗಳು ಪದ್ಯದಲ್ಲಿವೆ, ಉತ್ತರ ಹೊಳೆಯೋವರೆಗೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನೋದು ಓದುವವರ ಕೈಯಲ್ಲಿದೆ. ಅದನ್ನ ಕೇಳಿದ ಮೇಲೆ ನಮ್ಮ ಯಾರ ಮಾತೂ ನಿಮಗೆ ಬೇಕಾಗಲ್ಲ.

ಸ್ವರಾಕ್ಷರ
ಅದೇ ಅಧ್ಯಾಯವನ್ನ ಟೋಲ್ಕಿನ್ ಓದಿರೋದೂ ಇದೆಯಲ್ಲ, ಮೂರನೆಯದಾಗಿ ಅದನ್ನೂ ಕೇಳಿ. 1951ರ ಪರಿಷ್ಕೃತ ಆವೃತ್ತಿಗೆ ಅವರು ತಿದ್ದಿ ಬರೆದ ಅಧ್ಯಾಯ ಅದು. ಮರುವರ್ಷವೇ ಟೇಪ್ ಮುಂದೆ ಕೂತು ಓದಿದ್ದು. ಅವರ ಗಾಲಮ್ ಇಂಗ್ಲಿಸ್‌ಗೆ ಹತ್ತಿರವೋ ಸರ್ಕಿಸ್‌ಗೆ ಹತ್ತಿರವೋ, ಇಲ್ಲಿ ಬಂದು ಬರೆಯಿರಿ.